ಇನ್‌ಫ್ಲುಯೆಂಜಾ ವೈರಸ್ಸಿನ ಒಳದಾರಿ, ಹೊರದಾರಿ

೧೯೧೮-೧೯ರಲ್ಲಿ ಭಾರತವೊಂದರಲ್ಲಿಯೇ ಒಂದು ಕೋಟಿಗೂ ಮಿಕ್ಕಿ ಜನರನ್ನು ಬಲಿತೆಗೆದುಕೊಂಡ ಇನ್‌ಫ್ಲುಯೆಂಜಾ ಜ್ವರದ ವೈರಸ್ಸು, ಮಿಲಿಮೀಟರಿನ ಸುಮಾರು ೧೦,೦೦೦ದಲ್ಲಿ ಒಂದು ಪಾಲಿನಷ್ಟು ಗಾತ್ರದ ಕಣ. ಅದು ಉಣ್ಣದು, ಉಸಿರಾಡದು, ತಾನಾಗಿ ಈಜಲೂ ಅರಿಯದು. ಮತ್ತೊಂದು ಜೀವಿಯ ಕೋಶದೊಳಗೆ ಸೇರಿದ ಹೊರತು ಅದಕ್ಕೆ ವಂಶಾಭಿವೃದ್ಧಿಯಿಲ್ಲ. ಇಂತಹ ಜಡಕಣವು ಕೋಶವನ್ನು ಹೊಗುವುದು ಹೇಗೆ? ಅಲ್ಲಿಂದ ಹೊರಬಿದ್ದು ನೆರೆಯ ಕೋಶವನ್ನು ಸೇರುವುದು ಹೇಗೆ?

ನಮ್ಮ ಮೂಗು ಗಂಟಲುಗಳ ಒಳಮೈಯ ಕೋಶಗಳ ಮೇಲೆ ಸಕ್ಕರೆಯ ಅಣುಗಳಿಂದಾದ ಸಣ್ಣ ಸಣ್ಣ ಕವಲುಗಳು ಚಾಚಿಕೊಂಡಿವೆ. ಅವುಗಳ ತುದಿಯಲ್ಲಿರುವುದು ಸಿಯಾಲಿಕ್ ಆಮ್ಲ. ವೈರಸ್ಸಿನ ಹೊರಪೊರೆಯಲ್ಲಾದರೋ ಎರಡು ಬಗೆಯ ಪ್ರೋಟೀನು ಮುಳ್ಳುಗಳಿವೆ. ಹೀಮಗ್ಲುಟಿನಿನ್ ಎಂಬ ಮುಳ್ಳು ಸಿಯಾಲಿಕ್ ಆಮ್ಲವನ್ನು ಹಿಡಿದುಕೊಳ್ಳುತ್ತದೆ. ಒಂದೊಂದು ಮುಳ್ಳಿನ ಹಿಡಿತವೂ ದುರ್ಬಲವೇ. ಆದರೆ ಉತ್ತರಾಣಿಯ ಕಾಯಿಗಳು ಪಂಚೆಗೆ ಅಂಟುವಂತೆ, ಹಲವು ಮುಳ್ಳುಗಳು ಕೂಡಿದಾಗ ಕಣವು ಭದ್ರವಾಗಿ ನಿಲ್ಲುತ್ತದೆ.

ಹೊರಗಿನ ವಸ್ತುಗಳನ್ನು ಒಳಗೆಳೆದುಕೊಳ್ಳುವ ತನ್ನ ವಾಡಿಕೆಯಂತೆ ಕೋಶವು ಪೊರೆಯನ್ನು ಒಳಕ್ಕೆ ಮಡಿಸಿ, ವೈರಸ್ಸನ್ನು ಸಣ್ಣದೊಂದು ಚೀಲದಲ್ಲಿ ತುಂಬಿಕೊಳ್ಳುತ್ತದೆ. ಕ್ರಮೇಣ ಚೀಲದೊಳಗೆ ಆಮ್ಲತೆ ಹೆಚ್ಚುತ್ತದೆ. ಆಗ ಹೀಮಗ್ಲುಟಿನಿನ್ನಿನ ಆಕಾರ ಬದಲಾಗಿ, ಅದರಲ್ಲಿ ಹುದುಗಿದ್ದ ಮೊನೆಯು ಚೀಲದ ಪೊರೆಯಲ್ಲಿ ನಾಟುತ್ತದೆ. ಎರಡು ಪೊರೆಗಳೂ ಒಂದಾಗುತ್ತವೆ. ವೈರಸ್ಸಿನ ೮ ಆರ್‌ಎನ್‌ಎ ತುಣುಕುಗಳು ಹೊರಬಂದು ಕೋಶಕೇಂದ್ರವನ್ನು ಸೇರುತ್ತವೆ. ಅಲ್ಲಿಂದ ಮುಂದೆ ಕೋಶವು ವೈರಸ್ಸಿನ ಪ್ರತಿಗಳನ್ನು ತಯಾರಿಸುವ ಕಾರ್ಖಾನೆಯಾಗುತ್ತದೆ.

ಹೊಸ ಕಣಗಳು ಕೋಶದ ಪೊರೆಯನ್ನೇ ಹೊದ್ದು ಮೊಗ್ಗುಗಳಂತೆ ಮೂಡುತ್ತವೆ. ಆದರೆ ಹೊರಮೈಯ ತುಂಬ ಅದೇ ಸಿಯಾಲಿಕ್ ಆಮ್ಲವಿದೆಯಷ್ಟೆ! ಒಳಬರುವಾಗ ಆಸರೆಯಾದುದೇ ಹೊರಡುವಾಗ ಬಂಧನವಾಗುತ್ತದೆ. ಹಲಸಿನ ಮೇಣಕ್ಕೆ ಸಿಕ್ಕ ನೊಣದಂತೆ ಕಣಗಳು ಅಲ್ಲಿಯೇ ಸಿಲುಕಬೇಕು. ಇಲ್ಲಿ ನೆರವಾಗುವುದು ನ್ಯೂರಮಿನಿಡೇಸ್ ಎಂಬ ಎರಡನೆಯ ಮುಳ್ಳು. ಇದು ಸಿಯಾಲಿಕ್ ಆಮ್ಲವನ್ನು ಕತ್ತರಿಸಿಹಾಕುವ ಕಿಣ್ವ. ಹೀಗೆ ಬಿಡುಗಡೆ ಹೊಂದಿದ ಕಣಗಳು ನೆರೆಯ ಕೋಶಗಳಿಗೆ ಹರಡುತ್ತವೆ.

ಈ ರಹಸ್ಯದ ಮೊದಲ ಸುಳಿವು ದೊರೆತದ್ದು ಕೋಳಿಯ ರಕ್ತದಲ್ಲಿ. ಈ ವೈರಸ್ಸು ಕೋಳಿಯ ಕೆಂಪು ರಕ್ತಕಣಗಳನ್ನು ಗುಂಪುಗೂಡಿಸುವುದನ್ನು ಅಮೆರಿಕದ ಜಾರ್ಜ್ ಹರ್ಸ್ಟ್ ಅವರು ೧೯೪೧ರಲ್ಲಿ ಪ್ರಕಟಿಸಿದರು. ಸ್ವಲ್ಪ ಹೊತ್ತಿನ ಮೇಲೆ ವೈರಸ್ಸು ತಾನಾಗಿಯೇ ಕಳಚಿಕೊಳ್ಳುವುದನ್ನೂ, ಬಳಿಕ ಆ ರಕ್ತಕಣಗಳು ಅದೇ ವೈರಸ್ಸಿಗೆ ಮತ್ತೆ ಅಂಟದಿರುವುದನ್ನೂ ಅವರು ಕಂಡರು. ಹಿಡಿಯೇ ನಾಶವಾಗಿದ್ದಿತು!

೧೯೮೩ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ನ್ಯೂರಮಿನಿಡೇಸಿನ ರಚನೆಯನ್ನು ಪ್ರಕಟಿಸಿದರು. ಸಿಯಾಲಿಕ್ ಆಮ್ಲವು ಕುಳಿತುಕೊಳ್ಳುವ ಅದರ ಕುಳಿಯನ್ನು ಮುಚ್ಚುವ ಔಷಧಗಳಾದ ಜನಾಮಿವಿರ್ ಮತ್ತು ಒಸೆಲ್ಟಾಮಿವಿರ್ ೧೯೯೯ರಲ್ಲಿ ಬಳಕೆಗೆ ಬಂದವು. ಇವು ವೈರಸ್ಸಿನ ಪ್ರವೇಶವನ್ನು ತಡೆಯವು, ಹೊರದಾರಿಯನ್ನು ಕಟ್ಟುತ್ತವೆ. ಆದುದರಿಂದಲೇ ರೋಗವು ಬಹಳ ಕೋಶಗಳಿಗೆ ಹರಡುವ ಮುನ್ನ, ಲಕ್ಷಣಗಳು ಕಂಡ ೪೮ ಗಂಟೆಗಳೊಳಗೆ ಆರಂಭಿಸಿದರೆ ಇವುಗಳ ಪ್ರಯೋಜನ ಹೆಚ್ಚು.

೨೦೦೯ರಲ್ಲಿ ಜಗತ್ತನ್ನು ವ್ಯಾಪಿಸಿದ ‘ಎಚ್೧ಎನ್೧’ ಎಂಬ ಹೆಸರನ್ನು ವಿದ್ಯಾರ್ಥಿಗಳು ಕೇಳಿರಬಹುದು. ‘ಎಚ್’ ಎಂದರೆ ಒಳಹೊಗಿಸುವ ಹೀಮಗ್ಲುಟಿನಿನ್. ‘ಎನ್’ ಎಂದರೆ ಹೊರಬಿಡಿಸುವ ನ್ಯೂರಮಿನಿಡೇಸ್. ವೈರಸ್ಸಿನ ಎರಡು ದಾರಿಗಳೂ ಅದರ ಹೆಸರಿನಲ್ಲಿಯೇ ಅಡಗಿವೆ.