ಇನ್ನೂ ಹುಟ್ಟದ ವಸ್ತುವಿನ ಕಾಯಕ

ನೇಕಾರನು ಬೆಳಗ್ಗೆ ಮಗ್ಗಕ್ಕೆ ಕುಳಿತರೆ ಸಂಜೆಗೆ ಎಷ್ಟು ಮೊಳ ನೆಯ್ದೆನೆಂಬುದನ್ನು ತನ್ನ ಕೈಯಿಂದಲೇ ಅಳೆದು ನೋಡಬಲ್ಲನು. ಒಕ್ಕಲಿಗನ ಪೈರು ಅವನ ಕಣ್ಣೆದುರಿಗೇ ಇರುತ್ತದೆ. ಆದರೆ ಈ ಕಾಲದ ಕೆಲವು ಕಾಯಕಗಳಲ್ಲಿ ಸಂಜೆಗೆ ಅಳೆಯತಕ್ಕದ್ದು ಏನೂ ಇರುವುದಿಲ್ಲ. ಅಂಥವುಗಳಲ್ಲಿ ಪ್ರಾಡಕ್ಟ್ ಮ್ಯಾನೇಜರನ ಕೆಲಸವೂ ಒಂದು. ಬೆಂಗಳೂರಿನ ಸಂಸ್ಥೆಗಳಲ್ಲಿ ಈ ಹುದ್ದೆಯನ್ನು ಮಾಡುತ್ತಿರುವ ಮಕ್ಕಳು ಇಂದು ಅನೇಕ ಮನೆಗಳಲ್ಲಿದ್ದಾರೆ. "ನಿನ್ನ ಕೆಲಸವೇನಪ್ಪಾ?" ಎಂದು ಹಿರಿಯರು ಕೇಳಿದರೆ ಅವರು ಎರಡು ಮಾತಿನಲ್ಲಿ ಹೇಳಲಾರದೆ ತಡವರಿಸುವುದುಂಟು. ಆ ತಡವರಿಕೆಯ ಹಿಂದೆ ಹಲವು ವೇಳೆ ಅಂಜಿಕೆಯೊಂದು ಅಡಗಿರುತ್ತದೆ. ಗೃಹಸ್ಥರು ಅದರ ಸ್ವರೂಪವನ್ನು ಅರಿಯುವುದು ಒಳ್ಳೆಯದು.

ಈ ಹುದ್ದೆಯ ಮೂಲವನ್ನು ಸಾಮಾನ್ಯವಾಗಿ 1931ನೆಯ ಇಸವಿಗೆ ಒಯ್ಯುತ್ತಾರೆ. ಅಮೆರಿಕದ ಸಿನ್ಸಿನಾಟಿ ನಗರದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯಲ್ಲಿ ನೀಲ್ ಮೆಕೆಲ್ರಾಯ್ ಎಂಬ ತರುಣನು ಕ್ಯಾಮೇ ಎಂಬ ಸಾಬೂನಿನ ಪ್ರಚಾರವನ್ನು ನೋಡಿಕೊಳ್ಳುತ್ತಿದ್ದನು. ಅದೇ ಸಂಸ್ಥೆಯ ಐವರಿ ಸಾಬೂನಿನ ನೆರಳಿನಲ್ಲಿ ಅದು ಬೆಳೆಯದೆ ಉಳಿದಿತ್ತು. ಒಂದೊಂದು ವಸ್ತುವಿಗೂ ಅದರ ಒಳಿತುಕೆಡಕುಗಳ ಹೊಣೆ ಹೊರುವ ಪ್ರತ್ಯೇಕ ಮನುಷ್ಯರು ಬೇಕೆಂದು ಆತನು ಮೇಲಿನವರಿಗೆ ಬರೆದನು. ಆ ಪತ್ರವೇ ಈ ಕಾಯಕದ ಬೀಜವಾಯಿತು. ಬರೆದಾತನು ಮುಂದೆ ಆ ಸಂಸ್ಥೆಗೆ ಅಧ್ಯಕ್ಷನಾದನು. 1957ರಿಂದ 1959ರವರೆಗೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯೂ ಆಗಿದ್ದನು.

ಇಂದಿನ ಪ್ರಾಡಕ್ಟ್ ಮ್ಯಾನೇಜರನು ತಾನೇ ಯಂತ್ರವನ್ನು ಕಟ್ಟುವುದಿಲ್ಲ, ಚಿತ್ರವನ್ನು ಬರೆಯುವುದಿಲ್ಲ, ಅಂಗಡಿಯಲ್ಲಿ ಮಾರುವುದೂ ಇಲ್ಲ. ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು ಎಂದು ನಿಶ್ಚಯಿಸುವುದೇ ಅವನ ಕೆಲಸ. ಎಂಜಿನಿಯರುಗಳು ಅವನ ಅಧೀನರಲ್ಲ. ಆದರೂ ಫಲ ಕೆಟ್ಟರೆ ಪ್ರಶ್ನೆ ಬರುವುದು ಅವನಿಗೇ. ಆ ಫಲವಾದರೋ ತಿಂಗಳುಗಳ ಮೇಲೆ ತಿಳಿಯತಕ್ಕದ್ದು. ಅಷ್ಟರವರೆಗೆ ಅವನು ಇನ್ನೂ ಹುಟ್ಟದ ವಸ್ತುವಿನ ಪರವಾಗಿ, ಕಂಡವನಂತೆ ಮಾತನಾಡಬೇಕಾಗುತ್ತದೆ. ಇಂಥ ಸ್ಥಳದಲ್ಲಿ ನಿಂತವನಿಗೆ ಅಂಜಿಕೆ ಬಾರದಿದ್ದರೆ ಅದೇ ಆಶ್ಚರ್ಯ.

ಈ ಅಂಜಿಕೆಗೆ ಎರಡು ಮುಖಗಳುಂಟು. "ಈ ಯೋಚನೆ ತಪ್ಪಾಗಿರಬಹುದು" ಎಂಬುದೊಂದು. "ಈ ಕೆಲಸಕ್ಕೆ ನಾನೇ ಯೋಗ್ಯನಲ್ಲ, ಇಂದೋ ನಾಳೆಯೋ ಇದು ಬಯಲಾಗುತ್ತದೆ" ಎಂಬುದಿನ್ನೊಂದು. ಎರಡನೆಯದನ್ನು ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 1978ರಲ್ಲಿ ವರ್ಣಿಸಿದರು. ಅವರು ಕಂಡದ್ದು ಸೋತವರಲ್ಲಲ್ಲ, ಗೆದ್ದ ಸ್ತ್ರೀಯರಲ್ಲಿ. ಪದವಿ, ಪ್ರಶಸ್ತಿ, ಹುದ್ದೆ ಎಲ್ಲ ಇದ್ದೂ ಅವರು ತಮ್ಮನ್ನು ಸೋಗುಗಾರರೆಂದೇ ಎಣಿಸುತ್ತಿದ್ದರು. ಪುರುಷರಲ್ಲಿಯೂ ಇದು ಉಂಟೆಂಬುದು ಆಮೇಲೆ ತಿಳಿಯಿತು. ಇನ್ನಷ್ಟು ಹೊಗಳಿಕೆಯಿಂದ ಈ ರೋಗ ವಾಸಿಯಾಗದು. ಹೊಗಳಿದವರೂ ಮೋಸಹೋದರೆಂದು ಮನಸ್ಸು ಲೆಕ್ಕಹಾಕುತ್ತದೆ.

ಈ ಎರಡು ಮುಖಗಳನ್ನು ಬೇರ್ಪಡಿಸುವುದೇ ಮೊದಲ ಉಪಾಯ. ಯೋಚನೆಯ ಮೇಲಿನ ಸಂಶಯವನ್ನು ಪರೀಕ್ಷಿಸಬಹುದು. ತನ್ನ ಯೋಗ್ಯತೆಯ ಮೇಲಿನ ಸಂಶಯವನ್ನು ಕುಳಿತಲ್ಲಿಯೇ ಪರೀಕ್ಷಿಸಲಾಗದು. ಜೆಫ್ ಹಾಕಿನ್ಸ್ ಎಂಬ ಅಮೆರಿಕದ ಎಂಜಿನಿಯರನ ನಡತೆ ಇಲ್ಲಿ ನೋಡತಕ್ಕದ್ದು. ಅಂಗೈಯಲ್ಲಿ ಹಿಡಿಯುವ ಗಣಕಯಂತ್ರವೆಂದು ಅವನ ಸಂಸ್ಥೆಯು ಮೊದಲು ಕೈಹಾಕಿದ ಜೂಮರ್ ಎಂಬ ಸಾಧನವು 1993ರಲ್ಲಿ ಮಾರುಕಟ್ಟೆಗೆ ಬಂದು ಸೋತಿತು. ಆ ಸೋಲಿನ ನಂತರ ಅವನು ಹೊಸ ಯಂತ್ರಕ್ಕೆ ಹಣ ಸುರಿಯುವ ಮೊದಲು ಅಂಗಿಯ ಜೇಬಿಗೆ ಹಿಡಿಯುವಷ್ಟು ಒಂದು ಮರದ ತುಂಡನ್ನು ಕತ್ತರಿಸಿಕೊಂಡನು. ಊಟದ ಕಡ್ಡಿಯೊಂದು ಅದಕ್ಕೆ ಲೇಖನಿಯಾಯಿತು. ಯಾರಾದರೂ ಸಭೆಗೆ ದಿನ ಗೊತ್ತುಮಾಡಿದರೆ ಆ ಮರವನ್ನು ಹೊರತೆಗೆದು, ಅದರ ಮೇಲೆ ಕಡ್ಡಿಯಾಡಿಸಿ, ಬರೆದುಕೊಂಡಂತೆ ನಟಿಸುವನು. ನೋಡಿದವರು ನಕ್ಕಿದ್ದರೆ ತಪ್ಪೇನಿಲ್ಲ. ಆದರೆ ಯಾವಾಗ ಅದು ಬೇಕೆನಿಸುತ್ತದೆ, ಜೇಬಿಗೆ ಭಾರವಾಗುವುದೋ ಇಲ್ಲವೋ ಎಂಬ ಸಂಗತಿಗಳನ್ನು ಆ ತುಂಡು ಮರವೇ ಅವನಿಗೆ ಕಲಿಸಿತು. ಅಳುಕನ್ನು ತಲೆಯಲ್ಲಿ ಹೊತ್ತು ತಿರುಗುವ ಬದಲು ಜೇಬಿನಲ್ಲಿಟ್ಟುಕೊಂಡು ತಿರುಗಿದನು ಎನ್ನಬೇಕು. 1996ರಲ್ಲಿ ಬಂದ ಪೈಲಟ್ ಎಂಬ ಆ ಯಂತ್ರದಲ್ಲಿ ಮುಖ್ಯವಾಗಿ ಇದ್ದುದು ನಾಲ್ಕೇ: ದಿನಚರಿ, ವಿಳಾಸಗಳು, ಮಾಡಬೇಕಾದ ಕೆಲಸಗಳ ಪಟ್ಟಿ, ಟಿಪ್ಪಣಿ. ಜನರು ಅದನ್ನು ಲಕ್ಷಗಟ್ಟಲೆಯಾಗಿ ಕೊಂಡರು.

ನಾಲ್ಕಕ್ಕೆ ನಿಲ್ಲಿಸುವುದು ಸುಲಭವಲ್ಲ. ಅಂಜಿದವನು ಒಂದಕ್ಕೆ ಹತ್ತನ್ನು ಸೇರಿಸುತ್ತಾನೆ. ಯಾವುದೋ ಒಂದಾದರೂ ಮೆಚ್ಚಿಗೆಯಾಗಲೆಂದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಸಂಗತಿ ಈ ಪತ್ರಿಕೆಯ ಓದುಗರಿಗೆ ಹೊಸತಲ್ಲ. ಆ ಸಂಗತಿಯಿಂದ ಏಳುವ ಪ್ರಶ್ನೆ ಈ ಕಾಯಕದವರಿಗೂ ಸಲ್ಲುತ್ತದೆ: ಹೆಚ್ಚಿನದು ಅವಶ್ಯಕತೆಯಿಂದ ಬಂದುದೋ, ಮನಸ್ಸಿನ ಕೊರತೆಯಿಂದ ಬಂದುದೋ?

ಇನ್ನೊಂದು ಉಪಾಯವು ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞನದು. 2007ರಲ್ಲಿ ಆತನು ಇದನ್ನು ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ವಿವರಿಸಿದನು. ಕೆಲಸ ಆರಂಭವಾಗುವ ಮುನ್ನವೇ ಎಲ್ಲರೂ ಕುಳಿತು ಅದು ಆಗಲೇ ಪೂರ್ತಿ ನೆಲಕಚ್ಚಿದೆಯೆಂದು ಭಾವಿಸಿಕೊಳ್ಳುವುದು. ಬಳಿಕ ಅದಕ್ಕೆ ಕಾರಣಗಳನ್ನು ಕೆಲವು ನಿಮಿಷ ಒಬ್ಬೊಬ್ಬರೇ ಬರೆದು, ಸರದಿಯಂತೆ ಒಂದೊಂದನ್ನೇ ಓದುವುದು. ಅಪಶಕುನ ನುಡಿಯಬಾರದೆಂಬ ನಮ್ಮ ಮನೆಗಳ ರೂಢಿಗೆ ಇದು ವಿರುದ್ಧವಾಗಿ ಕಾಣಬಹುದು. ಆದರೆ ಸಭೆಯಲ್ಲಿ ಸಂಶಯವನ್ನು ನುಡಿದವನು ದ್ರೋಹಿಯೆನಿಸುವ ಕಡೆ ಎಲ್ಲರೂ ಬಾಯಿ ಮುಚ್ಚಿಕೊಂಡಿರುತ್ತಾರೆ. ಇಲ್ಲಿ ಸಂಶಯಪಡುವುದೇ ಒಪ್ಪಿಸಿದ ಕೆಲಸವಾಗುತ್ತದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಳಗೊಳಗೇ ಹೆದರುತ್ತಿದ್ದ ಮಾತನ್ನು ಹತ್ತು ವರ್ಷದ ಅನುಭವಸ್ಥನೂ ಬರೆದಿರುವುದು ಆಗ ಬೆಳಕಿಗೆ ಬರಬಹುದು. ತನಗೊಬ್ಬಳಿಗೇ ಈ ಭಯವೆಂಬ ಎಣಿಕೆ ಅಲ್ಲಿಗೆ ಸಡಿಲುತ್ತದೆ.

ನಿದ್ರೆ ಆಹಾರಗಳು ವಾರಗಟ್ಟಲೆ ಕೆಟ್ಟರೆ ಉಪಾಯಗಳನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು. ಅದರಲ್ಲಿ ಸಂಕೋಚ ಸಲ್ಲದು. ಉಳಿದ ದಿನಗಳಲ್ಲಿ ಮನೆಯವರು ಮಾಡಬಹುದಾದ ಸಹಾಯವೂ ಉಂಟು. ರಾತ್ರಿ ಫೋನು ಮಾಡಿದಾಗ "ಬಡ್ತಿ ಬಂತೇ?" ಎಂದು ಕೇಳುವ ತಂದೆಯು ಅದನ್ನು ಬಿಟ್ಟು, "ಇಂದು ಬಳಸುವವರನ್ನು ಯಾರನ್ನಾದರೂ ಕಂಡೆಯಾ ಮಗಳೇ? ಅವರು ಏನೆಂದರು?" ಎಂದು ಕೇಳಿದರೆ, ತಡವರಿಸುತ್ತಿದ್ದವಳಿಗೆ ಹೇಳಲು ಏನಾದರೂ ಇರುತ್ತದೆ.