ಟೀಪಾಯಿಯ ಹಲಗೆ ಯಾಕೆ ಸೀಳಿತು?

ಟೀಪಾಯಿ ಎಂದ ಕೂಡಲೇ ಚಹಾ ನೆನಪಾಗುತ್ತದೆ. ಆದರೆ ಹುಟ್ಟಿನಿಂದ ಆ ಪದಕ್ಕೂ ಟೀಗೂ ನಂಟಿಲ್ಲ. ಉರ್ದುವಿನ ‘ತಿಪಾಯಿ’ ಎಂದರೆ ಮೂರು ಕಾಲಿನದು. ‘ಚಾರ್‌ಪಾಯಿ’ ನಾಲ್ಕು ಕಾಲಿನದು. ಮೂರು ಕಾಲಿನದ್ದು ಏರುಪೇರಾದ ನೆಲದ ಮೇಲೂ ಕುಂಟುವುದಿಲ್ಲ. ಮೂರು ಬಿಂದುಗಳು ಒಂದು ಸಮತಲವನ್ನು ನಿರ್ಧರಿಸುತ್ತವೆ ಎಂದು ಗಣಿತದಲ್ಲಿ ಓದಿದ್ದೀರಲ್ಲ, ಅದೇ ಕಾರಣ. ನಾನು ಮಾಡಿದ್ದು ನಾಲ್ಕು ಕಾಲಿನದು. ಅದೂ ಕುಂಟಲಿಲ್ಲ, ಆದರೆ ಸೀಳಿತು.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ತೇಗದ ಹಲಗೆಗಳನ್ನು ಪಕ್ಕಪಕ್ಕ ಅಂಟಿಸಿ 60 ಸೆಂ.ಮೀ. ಅಗಲದ ಮೇಲ್ಹಲಗೆ ಮಾಡಿದೆ. ಎತ್ತರ 45 ಸೆಂ.ಮೀ. ಚೌಕಟ್ಟಿನ ಎರಡೂ ಕರ್ಣಗಳನ್ನು ಟೇಪಿನಲ್ಲಿ ಅಳೆದೆ. ಸಮನಾಗಿದ್ದವು, ಅಂದರೆ ಮೂಲೆಗಳು ಸರಿಯಾಗಿ 90 ಡಿಗ್ರಿ. ಗಟ್ಟಿಯಾಗಲಿ ಎಂದು ಚೌಕಟ್ಟಿನ ಸುತ್ತಲೂ ಅಂಟು ಬಳಿದು, ಮೇಲ್ಹಲಗೆ ಕೂರಿಸಿ, ಕೆಳಗಿನಿಂದ ಸ್ಕ್ರೂ ಬಿಗಿದೆ. ಇಫ್ತಾರ್‌ನ ತಟ್ಟೆಗಳನ್ನಿಡಲು ಅಮ್ಮಿಗೆಂದು ಮಾಡಿದ್ದು.

ರಂಝಾನ್ ಬಂದದ್ದು ಬೇಸಿಗೆಯ ಆರಂಭದಲ್ಲಿ. ಒಂದು ರಾತ್ರಿ ತರಾವೀಹ್ ಮುಗಿಸಿ ಬಂದು ನೋಡಿದರೆ ಹಲಗೆಯಲ್ಲಿ ಮೊಳದುದ್ದದ ಬಿರುಕು. ಅಮ್ಮಿ ಏನೂ ಅನ್ನಲಿಲ್ಲ, ಬಿರುಕಿನ ಮೇಲೆ ದಸ್ತರ್‌ಖಾನ್ ಹಾಸಿದರು. ನಮ್ಮ ಓಣಿಯ ಬಡಗಿಯವರು ಮಾತ್ರ ಮೇಜನ್ನು ಮಗುಚಿ ನೋಡಿ, “ಸುತ್ತಲೂ ಕಟ್ಟಿಹಾಕಿಬಿಟ್ಟಿದ್ದೀರಲ್ಲ ಸಾರ್” ಎಂದರು.

ಮರ ಕಡಿದ ಮೇಲೂ ಅದರ ಕೋಶಭಿತ್ತಿಯ ಸೆಲ್ಯುಲೋಸ್ ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ತೇವ ಹೆಚ್ಚಿದರೆ ಭಿತ್ತಿ ಉಬ್ಬುತ್ತದೆ, ಕಡಿಮೆಯಾದರೆ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ನಾರಿನ ಉದ್ದಕ್ಕೆ ಬದಲಾವಣೆ ನಗಣ್ಯ. ನಾರಿಗೆ ಅಡ್ಡಲಾಗಿ ಗಣನೀಯ, ಅದರಲ್ಲೂ ವಾರ್ಷಿಕ ಉಂಗುರಗಳ ಜಾಡಿನಲ್ಲಿ ಹೆಚ್ಚು. ತಿರುಳಿನಿಂದ ತೊಗಟೆಯ ಕಡೆಗೆ ಅದರ ಸುಮಾರು ಅರ್ಧ. ತೇಗ ಕಡಿಮೆ ಕುಗ್ಗುವ ಮರ ಎಂದೇ ಹೆಸರುವಾಸಿ. ಆದರೂ ತೇವಾಂಶ ಶೇಕಡಾ 4ರಷ್ಟು ಇಳಿದರೆ 60 ಸೆಂ.ಮೀ. ಹಲಗೆ 4 ಮಿ.ಮೀ.ಗಿಂತ ಹೆಚ್ಚು ಕಿರಿದಾಗಬಹುದು.

ಈಗ ನನ್ನ ಮೇಜನ್ನು ನೋಡಿ. ಚೌಕಟ್ಟಿನ ಎರಡು ಗಿಡ್ಡ ಪಟ್ಟಿಗಳು ಮೇಲ್ಹಲಗೆಯ ನಾರಿಗೆ ಅಡ್ಡಲಾಗಿವೆ. ಅವುಗಳ ಉದ್ದ ಬದಲಾಗದು. ಮೇಲ್ಹಲಗೆ ಕುಗ್ಗಲೇಬೇಕು, ಅಂಟು ಬಿಡದು. ಹಾಗಾಗಿ ಹಲಗೆಯೇ ಸೀಳಿತು. ಗಟ್ಟಿಯಾಗಲಿ ಎಂದು ಮಾಡಿದ್ದೇ ಮುಳುವಾಯಿತು!

ರಿಪೇರಿಗೆ ಬಿರುಕಿನ ಗುಂಟ ಗರಗಸ ಹಾಕಿ, ಅಂಚುಗಳನ್ನು ನೇರವಾಗಿ ಹೆರೆದು, ಮತ್ತೆ ಅಂಟಿಸಿದೆ. ಹಲಗೆ ಹಲಗೆಯ ನಡುವೆ ಅಂಟು ಇರಬಹುದು, ಏಕೆಂದರೆ ಅವು ಒಂದೇ ದಿಕ್ಕಿಗೆ ಉಬ್ಬಿ ಕುಗ್ಗುತ್ತವೆ. ಚೌಕಟ್ಟಿಗೆ ಮಾತ್ರ ಬೇಡ. ಗಿಡ್ಡ ಪಟ್ಟಿಗಳ ಮಧ್ಯದ ಸ್ಕ್ರೂವನ್ನಷ್ಟೇ ಬಿಗಿ ಮಾಡಿದೆ. ಉಳಿದ ಸ್ಕ್ರೂಗಳ ತೂತುಗಳನ್ನು ನಾರಿಗೆ ಅಡ್ಡಲಾಗಿ ಉದ್ದಕ್ಕೆ ಕೊರೆದು, ವಾಷರ್ ಹಾಕಿ, ಸರಿದಾಡುವಷ್ಟು ಬಿಟ್ಟೆ. ಪಾಲಿಷನ್ನು ಕೆಳಮೈಗೂ ಬಳಿಯಬೇಕು (ನಾನು ಮೊದಲು ಬಳಿದಿರಲಿಲ್ಲ, ಯಾರು ನೋಡುತ್ತಾರೆ ಎಂದು). ಪಾಲಿಷ್ ತೇವವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನಗೊಳಿಸುತ್ತದೆ ಅಷ್ಟೆ. ಒಂದೇ ಮೈಗೆ ಬಳಿದರೆ ಎರಡು ಮೈಗಳು ಬೇರೆ ಬೇರೆ ವೇಗದಲ್ಲಿ ತೇವ ಹೀರಿ ಹಲಗೆ ಸೊಟ್ಟಗಾಗುತ್ತದೆ.

ಹದೀಸ್‌ನಲ್ಲಿ ಝಕರಿಯ್ಯಾ (ಅ.ಸ.) ಬಡಗಿಯಾಗಿದ್ದರೆಂದು ಓದಿದಾಗಲೆಲ್ಲ ಈಗ ಆ ಕೆಲಸದ ಲೆಕ್ಕಾಚಾರವೂ ನೆನಪಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಮೇಲ್ಹಲಗೆಯ ಕೆಳಮೈಯಲ್ಲಿ, ಚೌಕಟ್ಟಿನ ಅಂಚಿಗೆ ಸರಿಯಾಗಿ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದೆ. ಜುಲೈಯಲ್ಲಿ ಬಗ್ಗಿ ನೋಡಿದೆ. ಎರಡೂ ಬದಿಯಲ್ಲಿ ಗೆರೆ ಸುಮಾರು 2 ಮಿ.ಮೀ. ಹೊರಕ್ಕೆ ಸರಿದಿತ್ತು.