ಮೆದುಳಿನ ಸ್ಥೈರ್ಯ

ಒಂದನೆಯ ಇಯತ್ತೆಯಲ್ಲಿ ತಿದ್ದಿದ ಅಕ್ಷರಮಾಲೆಯನ್ನು ಮನುಷ್ಯನು ಮುಪ್ಪಿನವರೆಗೂ ಮರೆಯುವುದಿಲ್ಲ. ಬಾಲ್ಯದಲ್ಲಿ ಸೈಕಲ್ ಕಲಿತವನು ಹತ್ತು ವರ್ಷ ಬಿಟ್ಟು ಏರಿದರೂ ಸಮತೋಲ ತಪ್ಪುವುದಿಲ್ಲ. ಹಾಗಾದರೆ ಈ ಕಲಿಕೆಯನ್ನು ಕಾಪಾಡಿಕೊಂಡು ಬಂದ ಮೆದುಳು ಅಷ್ಟು ಕಾಲವೂ ಇದ್ದಂತೆಯೇ ಇದ್ದಿತೆ? ಇರಲಿಲ್ಲವೆಂದು ವಿಜ್ಞಾನವು ಹೇಳುತ್ತದೆ. ಸದಾ ಬದಲಾಗುವ ಅವಯವದಿಂದ ಸ್ಥಿರವಾದ ನಡತೆಯು ಹೇಗೆ ಸಾಧ್ಯವೆಂಬುದನ್ನು ಇಲ್ಲಿ ವಿಚಾರಿಸೋಣ.

ಮಾನವನ ಮೆದುಳಿನ ತೂಕವು ಸುಮಾರು 1,300ರಿಂದ 1,400 ಗ್ರಾಂ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಬೆಂಗಳೂರಿಗೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ನಿಮ್ಹಾನ್ಸ್ ಸಂಸ್ಥೆಯ ಮೆದುಳಿನ ವಸ್ತುಸಂಗ್ರಹಾಲಯದಲ್ಲಿ ಈ ಅವಯವವನ್ನು ಕಣ್ಣಾರೆ ನೋಡಬಹುದು. ಚರ್ಮದ ಕೋಶಗಳು ಸವೆದು ಹೊಸವು ಹುಟ್ಟುತ್ತವೆ. ನರಕೋಶಗಳಲ್ಲಿ ಹೆಚ್ಚಿನವಾದರೋ ಜೀವಮಾನವೆಲ್ಲ ಬಾಳತಕ್ಕವು. ಆದರೂ ಅವುಗಳೊಳಗಿನ ಪ್ರೋಟೀನುಗಳು ತಾಸು, ದಿನ, ವಾರಗಳ ಅವಧಿಯಲ್ಲಿ ಅಳಿದು ಹೊಸದಾಗಿ ತಯಾರಾಗುತ್ತಲೇ ಇರುತ್ತವೆ. ಕಟ್ಟಡವು ನಿಂತಿರುವಂತೆಯೇ ಅದರ ಇಟ್ಟಿಗೆಗಳನ್ನು ಒಂದೊಂದಾಗಿ ಬದಲಿಸಿದಂತೆ ಈ ಕಾರ್ಯವು ನಡೆಯುತ್ತದೆ.

ಈ ಬದಲಾವಣೆಗೆ ಒಂದು ಮೇರೆಯುಂಟು. 1998ರಲ್ಲಿ ಜೀನಾ ಟುರಿಜಿಯಾನೊ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ ಇಲಿಯ ನರಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಪರೀಕ್ಷಿಸಿದರು. ಕೋಶಗಳ ಚಟುವಟಿಕೆಯನ್ನು ತಡೆದಾಗ ಅವುಗಳ ಸಂಧಿಸ್ಥಾನಗಳು ಹೆಚ್ಚು ಬಲಗೊಂಡವು. ಚಟುವಟಿಕೆ ಮಿತಿಮೀರಿದಾಗ ಅವು ದುರ್ಬಲಗೊಂಡವು. ಅಂದರೆ ಪ್ರತಿಯೊಂದು ಕೋಶವೂ ತನಗೊಂದು ಹದವನ್ನು ಇಟ್ಟುಕೊಂಡು, ಅದರಿಂದ ಸರಿದಾಗಲೆಲ್ಲ ಮತ್ತೆ ಅದರತ್ತ ಮರಳಲು ಯತ್ನಿಸುತ್ತದೆ.

ಕೋಶಗಳು ಕೂಡಿ ದುಡಿಯುವ ಬಗೆಯು ಇನ್ನೂ ಸೋಜಿಗವಾದುದು. ಏಡಿಯ ಜಠರದ ಚಲನೆಯನ್ನು ಸುಮಾರು 30 ನರಕೋಶಗಳ ಒಂದು ಗಂಟು ಆಳುತ್ತದೆ. ಇದನ್ನು ದೀರ್ಘಕಾಲ ಅಭ್ಯಸಿಸಿದ ಈವ್ ಮಾರ್ಡರ್ ಮತ್ತು ಸಂಗಡಿಗರು 2004ರಲ್ಲಿ ಅಂತಹ ಜಾಲದ ಎರಡು ಕೋಟಿಗೂ ಮಿಕ್ಕ ಮಾದರಿಗಳನ್ನು ಗಣಕಯಂತ್ರದಲ್ಲಿ ರಚಿಸಿ ನೋಡಿದರು. ಒಳಗಿನ ಏರ್ಪಾಡು ಬಹಳ ಬೇರೆಯಾಗಿದ್ದ ಅನೇಕ ಮಾದರಿಗಳು ಹೆಚ್ಚುಕಡಿಮೆ ಒಂದೇ ಲಯವನ್ನು ಕೊಟ್ಟವು. ಭಜನಾಮೇಳದಲ್ಲಿ ಒಬ್ಬನು ದಣಿದು ದನಿ ತಗ್ಗಿಸಿದರೆ ಇನ್ನೊಬ್ಬನು ಏರಿಸುತ್ತಾನೆ, ತಾಳವು ಕೆಡುವುದಿಲ್ಲ. ಇದೂ ಹಾಗೆಯೇ. 2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ದಾರಿಯನ್ನು ಚೆನ್ನಾಗಿ ಕಲಿತ ಇಲಿಗಳು ವಾರಗಟ್ಟಲೆ ತಪ್ಪದೆ ಅದೇ ದಾರಿ ಹಿಡಿದವು. ಆದರೆ ಆ ಸಮಯಕ್ಕೆ ಮೆದುಳಿನ ಒಂದು ಭಾಗದಲ್ಲಿ ಎಚ್ಚರಗೊಳ್ಳುತ್ತಿದ್ದ ಕೋಶಗಳು ದಿನಗಳೆದಂತೆ ಬೇರೆಯಾಗುತ್ತ ಹೋದವು.

ಈ ಸ್ಥೈರ್ಯವು ಉಪಕಾರಿಯಾದರೂ ಒಮ್ಮೊಮ್ಮೆ ಕೇಡನ್ನು ಮರೆಮಾಚುತ್ತದೆ. ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯನು 1817ರಲ್ಲಿ ವರ್ಣಿಸಿದ ಕಂಪವಾತದಲ್ಲಿ, ಚಲನೆಯನ್ನು ಹದಗೊಳಿಸುವ ಕೆಲವು ಕೋಶಗಳು ಮೆಲ್ಲಮೆಲ್ಲನೆ ನಶಿಸುತ್ತವೆ. ಉಳಿದ ಕೋಶಗಳು ಹೆಚ್ಚು ದುಡಿದು ಕೊರತೆಯನ್ನು ತುಂಬುವುದರಿಂದ ವರ್ಷಗಟ್ಟಲೆ ಏನೂ ತೋರುವುದಿಲ್ಲ. ಕೈನಡುಕ ಕಾಣಿಸಿಕೊಳ್ಳುವಷ್ಟರಲ್ಲಿ ಆ ಕೋಶಗಳ ಬಹುಭಾಗವು ಅಳಿದಿರುತ್ತದೆ.

ಆದುದರಿಂದ ಸೋನ್ಯಾಳದಂತಹ ನಮ್ಮ ಹಳ್ಳಿಗಳಲ್ಲಿ ಹಿರಿಯರ ಒಂದು ಕೈ ಸುಮ್ಮನಿದ್ದಾಗಲೂ ನಡುಗಿದರೆ, ಹೆಜ್ಜೆ ಕಿರಿದಾದರೆ, ಸಹಿಯ ಅಕ್ಷರಗಳು ಬರಬರುತ್ತ ಸಣ್ಣವಾದರೆ, "ವಯಸ್ಸಾಯಿತು" ಎಂದು ಸುಮ್ಮನಿರಲಾಗದು. ನಡುಕವೆಲ್ಲವೂ ಕಂಪವಾತವಲ್ಲ, ಅದನ್ನು ನಿರ್ಣಯಿಸತಕ್ಕವರು ವೈದ್ಯರು. ರೋಗವನ್ನು ಬೇರುಸಹಿತ ಕೀಳುವ ಔಷಧವು ಇಲ್ಲವಾದರೂ, ಬಾಧೆಯನ್ನು ತಗ್ಗಿಸಿ ನಿತ್ಯದ ಕೆಲಸವನ್ನು ಸುಗಮಗೊಳಿಸುವ ಔಷಧಗಳಿವೆ. ಮೆದುಳು ತನ್ನ ಕೊರತೆಯನ್ನು ತಾನೇ ತುಂಬಿಕೊಳ್ಳಲಾರದ ಹಂತದಲ್ಲಿ ಅದಕ್ಕೆ ನೆರವಾಗುವುದು ಮನೆಯವರ ಕರ್ತವ್ಯವಾಗಿದೆ. ಮನೆಯಲ್ಲಿ ಮೊದಲು ಗಮನಿಸಬಲ್ಲವರು ಓದುಬಲ್ಲ ಮಕ್ಕಳೇ ಆಗಿರಬಹುದು.